ಆರೋಪಿಗೂ ಅಪರಾಧಿಗೂ ನಡುವೆ

ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಗೆ ಈ ಬಾರಿ ಕೊಟ್ಟ ವಿಷಯ "ಅಪರಾಧ ತಡೆಗೆ ತಂತ್ರಜ್ಞಾನವೇ ಮದ್ದು" ಎಂಬುದು. ಪರವಾಗಿ ಮಾತನಾಡಿದವರಲ್ಲಿ ಹೆಚ್ಚಿನವರು ಅಮೆರಿಕವನ್ನೇ ಉದಾಹರಿಸಿದರು. ಅಲ್ಲಿ ಬೀದಿ ಬೀದಿಗೂ ಕ್ಯಾಮೆರಾ ಇದೆ, ಕಂಪ್ಯೂಟರ್ ಮುಖ ನೋಡಿಯೇ ಕಳ್ಳನನ್ನು ಹಿಡಿದುಕೊಡುತ್ತದೆ, ತಪ್ಪು ಮಾಡಿದವ ನೇರ ಜೈಲಿಗೆ ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಯಾರಿಗೆ ಬಹುಮಾನ ಬಂತು ಎಂಬುದರಲ್ಲಿ ನನ್ನ ತಕರಾರಿಲ್ಲ, ಎಲ್ಲರೂ ಚೆನ್ನಾಗಿ ಮಾತನಾಡಿದರು. ತಕರಾರು ಇರುವುದು ಆ ಕೊನೆಯ ವಾಕ್ಯದ ಬಗ್ಗೆ. ಅಮೆರಿಕದ ಜೈಲುಗಳಲ್ಲಿ ಯಾವುದೇ ಒಂದು ದಿನ ಸುಮಾರು ಆರೂವರೆ ಲಕ್ಷ ಜನ ಇರುತ್ತಾರೆ. ಅವರಲ್ಲಿ ಮೂರನೇ ಎರಡು ಭಾಗದಷ್ಟು ಮಂದಿ ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿಲ್ಲ.

ಇದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಜೈಲು ಎಂದೇ ಹೇಳುತ್ತೇವೆ. ಅಮೆರಿಕದಲ್ಲಿ "ಜೈಲ್" ಬೇರೆ, "ಪ್ರಿಸನ್" ಬೇರೆ. ಶಿಕ್ಷೆಯಾದವರನ್ನು ವರ್ಷಗಟ್ಟಲೆ ಇಡುವ ಜಾಗ ಪ್ರಿಸನ್. ಅದನ್ನು ರಾಜ್ಯ ಸರಕಾರವೋ ಕೇಂದ್ರ ಸರಕಾರವೋ ನಡೆಸುತ್ತದೆ. ಜೈಲ್ ಎಂದರೆ ಹೆಚ್ಚಾಗಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ, ನಡೆಸುವ ಕಟ್ಟಡ. ಪೊಲೀಸರು ಹಿಡಿದವರನ್ನು ಮೊದಲು ತಂದು ಹಾಕುವುದು ಅಲ್ಲಿಗೆ. ಸಣ್ಣ ಶಿಕ್ಷೆಯಾದವರು ಕೆಲವರು ಅಲ್ಲಿರುತ್ತಾರೆ, ಉಳಿದವರೆಲ್ಲ ಕಾಯುತ್ತಿರುವವರು. ವಿಚಾರಣೆಗೆ ಕಾಯುವವರು, ಜಾಮೀನಿನ ಹಣಕ್ಕೆ ಕಾಯುವವರು. ನಮ್ಮ ಭಾಷೆಯಲ್ಲಿ ವಿಚಾರಣಾಧೀನ ಕೈದಿಗಳು. ಅಮೆರಿಕವನ್ನು ನೋಡಿ ನಾವು ನಗುವ ಹಾಗೇನೂ ಇಲ್ಲ, ಎನ್‌ಸಿಆರ್‌ಬಿಯ 2022ರ ಲೆಕ್ಕದಂತೆ ನಮ್ಮ ದೇಶದ ಕಾರಾಗೃಹಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ. ಆದರೆ ಸ್ಪರ್ಧೆಯಲ್ಲಿ ಮಾದರಿಯೆಂದು ಕೇಳಿಬಂದ ಹೆಸರು ಅಮೆರಿಕ. ಹಾಗಾಗಿ ಅಲ್ಲಿಯದನ್ನೇ ನೋಡೋಣ.

ಕಲೀಫ್ ಬ್ರೌಡರ್ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಹುಡುಗ. 2010ರ ಮೇ ತಿಂಗಳಲ್ಲಿ ಪೊಲೀಸರು ಅವನನ್ನು ಹಿಡಿದಾಗ ಅವನಿಗೆ 16 ವರ್ಷ, ನಮ್ಮ ಪ್ರಥಮ ಪಿಯುಸಿಯವರ ವಯಸ್ಸು. ಬೆನ್ನಿಗೆ ಹಾಕುವ ಬ್ಯಾಗ್ ಒಂದನ್ನು ಕಸಿದುಕೊಂಡನೆಂದು ಒಬ್ಬ ವ್ಯಕ್ತಿ ದೂರಿದ್ದ. ಹುಡುಗನನ್ನು ತಪಾಸಣೆ ಮಾಡಿದರೆ ಬ್ಯಾಗ್ ಇರಲಿಲ್ಲ. ಆಗ ದೂರುದಾರ, ಅದು ಇವತ್ತು ನಡೆದದ್ದಲ್ಲ, ಎರಡು ವಾರ ಹಿಂದಿನದು ಎಂದ. ಅಷ್ಟು ಸಾಕಾಯಿತು. ಜಾಮೀನಿಗೆ 3,000 ಡಾಲರ್ ಕಟ್ಟಬೇಕೆಂದಿತು ನ್ಯಾಯಾಲಯ. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 1.35 ಲಕ್ಷ ರೂಪಾಯಿ. ಮನೆಯವರ ಬಳಿ ಅಷ್ಟು ಹಣ ಇರಲಿಲ್ಲ. ಹಿಂದಿನ ಒಂದು ಪ್ರಕರಣದಲ್ಲಿ ಅವನು ಪ್ರೊಬೇಷನ್‌ನಲ್ಲಿದ್ದ ಕಾರಣ ಸ್ವಲ್ಪ ದಿನಗಳಲ್ಲಿ ಜಾಮೀನಿನ ದಾರಿಯೂ ಮುಚ್ಚಿತು. ಅವನನ್ನು ರೈಕರ್ಸ್ ಐಲ್ಯಾಂಡ್ ಎಂಬ ದ್ವೀಪದ ಜೈಲಿಗೆ ಕಳುಹಿಸಿದರು. 16 ವರ್ಷದವರನ್ನು ವಯಸ್ಕರೆಂದೇ ಎಣಿಸುವ ಕಾನೂನು ಆಗ ನ್ಯೂಯಾರ್ಕಿನಲ್ಲಿತ್ತು.

ಮೂರು ವರ್ಷ ಅವನು ಅಲ್ಲಿದ್ದ. ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಸೆರೆ.

ಅಮೆರಿಕದ ಸಂವಿಧಾನದ ಆರನೇ ತಿದ್ದುಪಡಿ ಪ್ರತಿ ಆರೋಪಿಗೂ ಶೀಘ್ರ ವಿಚಾರಣೆಯ ಹಕ್ಕು ಕೊಟ್ಟಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಪ್ರಕರಣಕ್ಕೆ ಸರಕಾರಿ ವಕೀಲರು ಆರು ತಿಂಗಳೊಳಗೆ ಸಿದ್ಧರಾಗಬೇಕೆಂಬ ನಿಯಮವೂ ಇತ್ತು. ಹಾಗಾದರೆ ಮೂರು ವರ್ಷ ಹೇಗಾಯಿತು? ಇದನ್ನು ಓದಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಸರಕಾರಿ ವಕೀಲರು ಬಂದು, ನಾವಿನ್ನೂ ಸಿದ್ಧರಿಲ್ಲ, ಒಂದು ವಾರ ಕೊಡಿ ಎನ್ನುತ್ತಾರೆ. ಬ್ರಾಂಕ್ಸ್ ನ್ಯಾಯಾಲಯದಲ್ಲಿ ಪ್ರಕರಣಗಳು ತುಂಬಿ ತುಳುಕುತ್ತಿರುವುದರಿಂದ ಮುಂದಿನ ತಾರೀಕು ಸಿಗುವುದು ಒಂದೂವರೆ ತಿಂಗಳ ನಂತರ. ಆದರೆ ಆರು ತಿಂಗಳ ಲೆಕ್ಕಕ್ಕೆ ಸೇರುವುದು ಅವರು ಕೇಳಿದ ಆ ಒಂದು ವಾರ ಮಾತ್ರ! ಉಳಿದ ವಾರಗಳು ನ್ಯಾಯಾಲಯದ ದಟ್ಟಣೆಯ ಖಾತೆಗೆ. ಜೈಲಿನ ಕೋಣೆಯಲ್ಲಿ ಕುಳಿತವನ ಖಾತೆಗೆ ಮಾತ್ರ ಎಲ್ಲ ದಿನಗಳೂ ಸೇರುತ್ತವೆ. ಹೀಗೆ 31 ಬಾರಿ ಅವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದರು.

ಈ ನಡುವೆ ಅವನಿಗೆ ಹಲವು ಸಲ ಅವಕಾಶ ಕೊಟ್ಟರು. ಒಪ್ಪಿಕೋ, ಶಿಕ್ಷೆ ಕಡಿಮೆ ಮಾಡುತ್ತೇವೆ ಎಂದರು. 2013ರಲ್ಲಂತೂ, ಸಣ್ಣ ಎರಡು ತಪ್ಪು ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಎಂದರು. ಅವನು ಒಪ್ಪಲಿಲ್ಲ. ಮಾಡದ ತಪ್ಪನ್ನು ಮಾಡಿದೆ ಎನ್ನಲಾರೆ ಎಂದು ಮತ್ತೆ ರೈಕರ್ಸಿಗೇ ಹೋದ. ಕೆಲವು ತಿಂಗಳ ನಂತರ ದೂರುದಾರನೇ ಸಿಗದೆ ಪ್ರಕರಣ ಬಿದ್ದುಹೋಯಿತು. ವಿಚಾರಣೆ ನಡೆಯಲೇ ಇಲ್ಲ. ಹೊರಬಂದವನು ಓದಿ ಪರೀಕ್ಷೆ ಪಾಸು ಮಾಡಿದ, ಕಾಲೇಜಿಗೆ ಸೇರಿದ. ಆದರೆ ಒಂಟಿ ಸೆರೆ ಅವನನ್ನು ಬಿಟ್ಟಿರಲಿಲ್ಲ. 2015ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ, ಅವನು ಪ್ರಾಣ ಕಳೆದುಕೊಂಡ. ಮರುವರ್ಷದ ಜನವರಿಯಲ್ಲಿ ಅಧ್ಯಕ್ಷ ಒಬಾಮ ಕೇಂದ್ರದ ಸೆರೆಮನೆಗಳಲ್ಲಿ ಬಾಲಕರಿಗೆ ಒಂಟಿ ಸೆರೆ ನಿಷೇಧಿಸಿದಾಗ ಬರೆದ ಲೇಖನದಲ್ಲಿ ಮೊದಲು ಹೇಳಿದ್ದು ಈ ಹುಡುಗನ ಕಥೆಯನ್ನೇ.

ಕಲೀಫ್ ಒಪ್ಪಲಿಲ್ಲ, ಆದರೆ ಹೆಚ್ಚಿನವರು ಒಪ್ಪುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 2012ರ ಒಂದು ತೀರ್ಪಿನಲ್ಲಿ ಹೇಳಿದಂತೆ, ಕೇಂದ್ರದ ನ್ಯಾಯಾಲಯಗಳಲ್ಲಿ ಶೇ. 97, ರಾಜ್ಯಗಳಲ್ಲಿ ಶೇ. 94 ಶಿಕ್ಷೆಗಳು ಬರುವುದು ತಪ್ಪೊಪ್ಪಿಗೆಯಿಂದ. ಸಿನಿಮಾದಲ್ಲಿ ನೋಡುವ ಹಾಗೆ ಸಾಕ್ಷಿಕಟ್ಟೆ, ಪಾಟೀ ಸವಾಲು, ಜ್ಯೂರಿ ಇವೆಲ್ಲ ನೂರಕ್ಕೆ ಐದಾರು ಪ್ರಕರಣಗಳಲ್ಲಿ ಮಾತ್ರ. ಅವರಲ್ಲಿ ಹಲವರು ನಿಜವಾಗಿ ತಪ್ಪು ಮಾಡಿದವರೇ ಇರಬಹುದು. ಆದರೆ ಕೆಲಸ ಹೋಗುತ್ತದೆ, ಬಾಡಿಗೆ ಕಟ್ಟಲಿಕ್ಕಿಲ್ಲ, ಮನೆಯಲ್ಲಿ ಮಗುವಿದೆ ಎನ್ನುವವರಿಗೆ "ಒಪ್ಪಿಕೊಂಡರೆ ಇವತ್ತೇ ಮನೆಗೆ" ಎಂಬ ಮಾತು ಎಷ್ಟು ದೊಡ್ಡ ಆಮಿಷ ಎಂದು ಯೋಚಿಸಿ. ಹಣ ಇರುವ ಆರೋಪಿ ಜಾಮೀನು ಕಟ್ಟಿ ಮನೆಯಿಂದ ಪ್ರಕರಣ ನಡೆಸುತ್ತಾನೆ. ಇಲ್ಲದವನು ಒಳಗಿನಿಂದ.

ಈಗ ತಂತ್ರಜ್ಞಾನಕ್ಕೆ ಬರುತ್ತೇನೆ. ಅದು ಈ ಬಾಗಿಲನ್ನು ಒಳಗೆ ಹೋಗುವವರಿಗೆ ಅಗಲ ಮಾಡಿದೆ, ಹೊರಗೆ ಬರುವವರಿಗೆ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. 2018ರಲ್ಲಿ ಡೆಟ್ರಾಯಿಟ್ ನಗರದ ಅಂಗಡಿಯೊಂದರಲ್ಲಿ 3,800 ಡಾಲರ್ ಬೆಲೆಯ ಕೈಗಡಿಯಾರಗಳ ಕಳವಾಯಿತು. ಸಿಸಿಟಿವಿಯ ಮಸುಕು ಚಿತ್ರವನ್ನು ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟಾಗ, ಅದು ಡ್ರೈವಿಂಗ್ ಲೈಸೆನ್ಸ್ ಫೋಟೊಗಳನ್ನೆಲ್ಲ ಜಾಲಾಡಿ ಕೆಲವು ಮುಖಗಳನ್ನು ಮುಂದಿಟ್ಟಿತು. ಅದರಲ್ಲೊಂದು ರಾಬರ್ಟ್ ವಿಲಿಯಮ್ಸ್ ಎಂಬವರದು. ಇದು ಸುಳಿವು ಮಾತ್ರ, ಬಂಧನಕ್ಕೆ ಆಧಾರವಲ್ಲ ಎಂದು ಆ ವರದಿಯಲ್ಲೇ ಬರೆದಿತ್ತು. ಪೊಲೀಸರು ಆ ಫೋಟೊವನ್ನು ಇನ್ನೂ ಕೆಲವು ಫೋಟೊಗಳ ಜೊತೆ ಸೇರಿಸಿ, ಕಳವನ್ನು ಕಣ್ಣಾರೆ ನೋಡಿಯೇ ಇರದ, ವಿಡಿಯೊ ಮಾತ್ರ ನೋಡಿದ್ದ ಭದ್ರತಾ ಸಿಬ್ಬಂದಿಯೊಬ್ಬರಿಗೆ ತೋರಿಸಿದರು. ಅವರೂ ಅದನ್ನೇ ತೋರಿಸಿದರು. 2020ರ ಜನವರಿಯಲ್ಲಿ, ಮನೆಯ ಅಂಗಳದಲ್ಲಿ, ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು ನೋಡುತ್ತಿದ್ದಂತೆ ವಿಲಿಯಮ್ಸ್ ಕೈಗೆ ಕೋಳ ಬಿತ್ತು. ಮರುದಿನ ಪೊಲೀಸರು ಕಳ್ಳನ ಚಿತ್ರ ತೋರಿಸಿದಾಗ ಅವರು ಅದನ್ನು ತನ್ನ ಮುಖದ ಪಕ್ಕ ಹಿಡಿದು, ಇದು ನಾನೇ ಎನಿಸುತ್ತದೆಯೇ ಎಂದು ಕೇಳಿದರು. ಸುಮಾರು 30 ಗಂಟೆ ಅವರು ಒಳಗಿದ್ದರು. ಮೂರು ವರ್ಷದ ಮುಂದೆ 30 ಗಂಟೆ ಏನೂ ಅಲ್ಲ ಎನ್ನಬಹುದು. ಆದರೆ ಆ ಮಕ್ಕಳ ಕಣ್ಣಿನಿಂದ ಆ ದೃಶ್ಯವನ್ನು ಅಳಿಸುವುದು ಹೇಗೆ? 2023ರಲ್ಲಿ ಅದೇ ನಗರದ ಪೊಲೀಸರು ಇಂಥದೇ ಹೊಂದಾಣಿಕೆ ನಂಬಿ ಕಾರು ದರೋಡೆ ಆರೋಪದಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬರನ್ನು ಬಂಧಿಸಿದರು. ಮುಖ ಹೊಂದಿತು ಎಂದಿತು ಯಂತ್ರ. ಹೊಟ್ಟೆಯನ್ನು ನೋಡಬೇಕಾದವರು ಮನುಷ್ಯರಲ್ಲವೇ?

ವಿಲಿಯಮ್ಸ್ ಮತ್ತು ಆ ಮಹಿಳೆ ಇಬ್ಬರೂ ಕಪ್ಪು ವರ್ಣೀಯರು. ಇದು ಕಾಕತಾಳೀಯ ಅಲ್ಲ. ಅಮೆರಿಕ ಸರಕಾರದ್ದೇ ಮಾಪನ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ 189 ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಅನೇಕವು ಬಿಳಿಯರಿಗಿಂತ ಕಪ್ಪು ವರ್ಣೀಯರ ಹಾಗೂ ಏಷ್ಯಾ ಮೂಲದವರ ಮುಖಗಳನ್ನು ಬೇರೆಯವರದೆಂದು ತಪ್ಪು ತಿಳಿಯುವುದು 10ರಿಂದ 100 ಪಟ್ಟು ಹೆಚ್ಚು ಎಂದು ಕಂಡುಬಂತು. ಚರ್ಚಾ ಸ್ಪರ್ಧೆಯಲ್ಲಿ ಈ ಯಂತ್ರವನ್ನು ಹೊಗಳಿದ ಗೆಳೆಯರು ಅದರ ಮುಂದೆ ನಿಂತರೆ ಯಾವ ಸಾಲಿಗೆ ಸೇರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮುಖ ಬಿಡಿ, ಅಪರಾಧ ಮಾಡುವ ಮೊದಲೇ ಅಂಕ ಕೊಡುವ ಸಾಫ್ಟ್‌ವೇರ್ ಕೂಡ ಇದೆ. ಕಾಂಪಾಸ್ ಎಂಬುದು ಅದರಲ್ಲೊಂದು. ಆರೋಪಿಗೆ 137 ಪ್ರಶ್ನೆಗಳ ಪಟ್ಟಿ. ನಿನ್ನ ತಂದೆ ತಾಯಿ ಯಾರಾದರೂ ಸೆರೆಮನೆಯಲ್ಲಿದ್ದರೇ ಎಂಬುದೂ ಅದರಲ್ಲಿದೆ. ಉತ್ತರಗಳನ್ನು ಕೂಡಿಸಿ ಇವನು ಮುಂದೆ ಅಪರಾಧ ಮಾಡುವ ಸಾಧ್ಯತೆ ಎಷ್ಟೆಂದು ಒಂದರಿಂದ ಹತ್ತರೊಳಗೆ ಅಂಕ ಬರುತ್ತದೆ. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2016ರಲ್ಲಿ ಫ್ಲಾರಿಡಾದ ಒಂದು ಕೌಂಟಿಯ ಸಾವಿರಾರು ಅಂಕಗಳನ್ನು ಪರಿಶೀಲಿಸಿತು. ಮತ್ತೆ ಯಾವ ಅಪರಾಧವನ್ನೂ ಮಾಡದೆ ಇದ್ದವರಲ್ಲಿ, ಅಪಾಯಕಾರಿ ಎಂಬ ಹಣೆಪಟ್ಟಿ ಸಿಕ್ಕಿದ್ದ ಕಪ್ಪು ವರ್ಣೀಯರು ಶೇ. 45, ಬಿಳಿಯರು ಶೇ. 23. ಕಂಪನಿ ಈ ಲೆಕ್ಕವನ್ನು ಒಪ್ಪಲಿಲ್ಲ. ನ್ಯಾಯ ಎಂದರೇನೆಂದು ಅಳೆಯುವ ವಿಧಾನದಲ್ಲೇ ಭಿನ್ನಾಭಿಪ್ರಾಯವಿದೆ, ಗಣಿತ ತಜ್ಞರು ಇಂದಿಗೂ ವಾದ ಮಾಡುತ್ತಿದ್ದಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಪ್ಪ ಜೈಲಿಗೆ ಹೋಗಿದ್ದಕ್ಕೆ ಮಗನ ಅಂಕ ಏರಬೇಕೇ? ಹಳ್ಳಿಯಲ್ಲಿ ಯಾರಾದರೂ ಹೀಗೆ ಮಾತನಾಡಿದರೆ ಅದನ್ನು ಚಾಡಿ ಎನ್ನುತ್ತೇವೆ, ಕಂಪ್ಯೂಟರ್ ಮಾತನಾಡಿದರೆ ದತ್ತಾಂಶ ಎನ್ನುತ್ತೇವೆ.

ಇನ್ನೊಂದು ಪ್ರಸಂಗವನ್ನು ನಮ್ಮಂಥ ಕಾಲೇಜಿನವರು ತಿಳಿದಿರಬೇಕು. ನ್ಯೂಯಾರ್ಕ್ ಪೊಲೀಸರು 2003ರಲ್ಲಿ ಒಂದು ವಿಶೇಷ ಘಟಕ ಆರಂಭಿಸಿ ಮುಸ್ಲಿಮರ ಹೋಟೆಲು, ಅಂಗಡಿ, ಮಸೀದಿಗಳ ಪಟ್ಟಿ ಮಾಡತೊಡಗಿದರು. ಪೊಲೀಸ್ ಗುಪ್ತಚರರು ಕಾಲೇಜುಗಳ ಮುಸ್ಲಿಂ ವಿದ್ಯಾರ್ಥಿ ಸಂಘಗಳ ಮೇಲೂ ಕಣ್ಣಿಟ್ಟರು. 2008ರಲ್ಲಿ ಸಿಟಿ ಕಾಲೇಜಿನ ವಿದ್ಯಾರ್ಥಿಗಳು ರಾಫ್ಟಿಂಗ್ ಪ್ರವಾಸಕ್ಕೆ ಹೋದಾಗ ಮಾರುವೇಷದ ಪೊಲೀಸ್ ಒಬ್ಬ ಜೊತೆಗೆ ಹೋಗಿ, ಅವರು ದಿನಕ್ಕೆ ಎಷ್ಟು ಬಾರಿ ನಮಾಝ್ ಮಾಡಿದರೆಂದು ವರದಿ ಬರೆದ! ಅಸೋಸಿಯೇಟೆಡ್ ಪ್ರೆಸ್ ಪತ್ರಕರ್ತರು ಇದನ್ನೆಲ್ಲ ಬಯಲಿಗೆಳೆದು ಪುಲಿಟ್ಝರ್ ಪ್ರಶಸ್ತಿ ಪಡೆದರು. ಆ ವಿಶೇಷ ಘಟಕದ ಕೆಲಸದಿಂದ ಆರು ವರ್ಷಗಳಲ್ಲಿ ತನಿಖೆಗೆ ಒಂದೇ ಒಂದು ಸುಳಿವೂ ಸಿಗಲಿಲ್ಲವೆಂದು ಪೊಲೀಸ್ ಗುಪ್ತಚರ ವಿಭಾಗದ ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಘಟಕ ಮುಚ್ಚಿತು. ಅಪರಾಧವೂ ಇಲ್ಲ, ಆರೋಪವೂ ಇಲ್ಲ, ಕಡತ ಮಾತ್ರ ಇದೆ.

ಹಾಗಾದರೆ ಪೊಲೀಸರು ಕ್ಯಾಮೆರಾ ಬಿಸಾಡಿ ಲಾಠಿ ಹಿಡಿದುಕೊಂಡೇ ಇರಬೇಕೇ ಎಂದು ಕೇಳಬಹುದು. ಹಾಗಲ್ಲ. ಕಳವಾದವನಿಗೂ ನ್ಯಾಯ ಬೇಕು, ಕೊಲೆಯಾದವನ ಮನೆಯವರಿಗೂ ಬೇಕು. ಡಿಎನ್‌ಎ ಪರೀಕ್ಷೆಯಿಂದಾಗಿ ಎಷ್ಟೋ ನಿರಪರಾಧಿಗಳು ಮರಣದಂಡನೆಯ ಕೋಣೆಯಿಂದಲೂ ಹೊರಬಂದಿದ್ದಾರೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ, ಪೊಲೀಸರ ಮೊದಲ ಹೇಳಿಕೆ ಅದನ್ನು ವೈದ್ಯಕೀಯ ಘಟನೆ ಎಂದಿತ್ತು. ಡಾರ್ನೆಲ್ಲಾ ಫ್ರೇಜಿಯರ್ ಎಂಬ 17 ವರ್ಷದ ಹುಡುಗಿ ರಸ್ತೆ ಬದಿ ನಿಂತು ಫೋನಿನಲ್ಲಿ ವಿಡಿಯೊ ಮಾಡಿರದಿದ್ದರೆ ಜಗತ್ತು ಅದನ್ನೇ ನಂಬುತ್ತಿತ್ತು. ಅದೂ ತಂತ್ರಜ್ಞಾನವೇ. ಆದರೆ ಆ ವಿಡಿಯೊವನ್ನು ನ್ಯಾಯಾಲಯದಲ್ಲಿ ಎಲ್ಲರೂ ನೋಡಿದರು, ಆರೋಪಿ ಪೊಲೀಸನ ವಕೀಲರು ಪ್ರಶ್ನಿಸಿದರು, ಜ್ಯೂರಿ ತೀರ್ಮಾನಿಸಿತು. ವಿಲಿಯಮ್ಸ್ ವಿಷಯದಲ್ಲಿ ಯಂತ್ರದ ಮಾತನ್ನು ಪ್ರಶ್ನಿಸಲು ಯಾರಿಗಾದರೂ ಅವಕಾಶ ಸಿಕ್ಕಿದ್ದು ಕೋಳ ಬಿದ್ದ ಮೇಲೆ.

ಅಲ್ಲಿಯ ಜನ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಪೊಲೀಸರೂ ಸೇರಿದಂತೆ ನಗರದ ಯಾವ ಇಲಾಖೆಯೂ ಮುಖ ಗುರುತಿಸುವ ತಂತ್ರಜ್ಞಾನ ಬಳಸಬಾರದೆಂದು ಸ್ಯಾನ್ ಫ್ರಾನ್ಸಿಸ್ಕೊ 2019ರಲ್ಲೇ ನಿರ್ಧರಿಸಿತು. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್‌ನಲ್ಲಿ ಹಣದ ಜಾಮೀನನ್ನು ಪೂರ್ತಿಯಾಗಿ ತೆಗೆದುಹಾಕಿತು, ಹಾಗೆ ಮಾಡಿದ ಮೊದಲ ರಾಜ್ಯ ಅದು. ವಿಲಿಯಮ್ಸ್ ಹೂಡಿದ ದಾವೆ 2024ರಲ್ಲಿ ರಾಜಿಯಲ್ಲಿ ಮುಗಿದಾಗ ಪರಿಹಾರದ ಜೊತೆ ನಿಯಮಗಳೂ ಬದಲಾದವು. ಮುಖ ಹೊಂದಿತು ಎಂಬ ಒಂದೇ ಕಾರಣಕ್ಕೆ ಡೆಟ್ರಾಯಿಟ್ ಪೊಲೀಸರು ಇನ್ನು ಯಾರನ್ನೂ ಬಂಧಿಸುವಂತಿಲ್ಲ. ನ್ಯೂಯಾರ್ಕ್ ರಾಜ್ಯ 16 ಮತ್ತು 17 ವರ್ಷದವರನ್ನು ತಾನಾಗಿಯೇ ವಯಸ್ಕರ ಸಾಲಿಗೆ ಸೇರಿಸುವ ಕಾನೂನನ್ನು 2017ರಲ್ಲಿ ಬದಲಿಸಿತು. ಕಲೀಫ್ ಇದ್ದ ರೈಕರ್ಸ್ ಐಲ್ಯಾಂಡ್ ಜೈಲನ್ನು ಮುಚ್ಚಬೇಕೆಂದು ನ್ಯೂಯಾರ್ಕ್ ನಗರಸಭೆ 2019ರಲ್ಲಿ ತೀರ್ಮಾನಿಸಿತು. ಗಡುವು ಮೊದಲು 2026 ಇತ್ತು, ಆಮೇಲೆ 2027 ಆಯಿತು. ದ್ವೀಪದಲ್ಲಿ ಸಾವಿರಾರು ಜನರನ್ನು ಇಡುವುದು ಮುಂದುವರಿದೇ ಇದೆ, ಮತ್ತು ಅವರಲ್ಲಿ ಹೆಚ್ಚಿನವರು ವಿಚಾರಣೆಯ ತಾರೀಕಿಗೆ ಕಾಯುತ್ತಿರುವವರು.