ಯಂತ್ರದ ಮೇಲಿನ ಎರಡಕ್ಷರ

ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಯಂತ್ರಗಳ ಮೇಲೆ ‘ಸಿಇ’ ಎಂಬ ಗುರುತು ಇರಲೇಬೇಕು. ಅದನ್ನು ಸರಕಾರದ ಮೊಹರೆಂದು ನಂಬುವವರುಂಟು. ಅದು ತಪ್ಪು. ಬಹುಪಾಲು ಯಂತ್ರಗಳಿಗೆ ತಯಾರಕನೇ ಪರೀಕ್ಷಿಸಿ, ತಾನೇ ಘೋಷಣೆ ಬರೆದು, ತಾನೇ ಗುರುತು ಒತ್ತುತ್ತಾನೆ. ಲಾಭ ಎಣಿಸುವ ಕೈಯಲ್ಲೇ ಮೊಹರು!

ಆದರೂ 1989ರ ನಿರ್ದೇಶನದಿಂದ ಬೆಳೆದುಬಂದ ಈ ಕಾನೂನಿನಲ್ಲಿ ನಾವು ಮೆಚ್ಚುವ ತತ್ವವೊಂದಿದೆ. ಅಪಾಯವನ್ನು ಮೊದಲು ಯಂತ್ರದ ರಚನೆಯಲ್ಲೇ ನೀಗಬೇಕು. ಆಗದಿದ್ದರೆ ರಕ್ಷಣಾ ಕವಚ ಹಾಕಬೇಕು. ಎಚ್ಚರಿಕೆಯ ಮಾತು ಕಟ್ಟಕಡೆಗೆ. ಸೂಚನೆಗಳೂ ಆಯಾ ದೇಶದ ಭಾಷೆಯಲ್ಲೇ ಇರಬೇಕು. 2027ರ ಜನವರಿ 20ರಿಂದ ಅನ್ವಯವಾಗುವ 2023ರ ನಿಯಮಾವಳಿಯೂ ಈ ಕ್ರಮವನ್ನು ಕೈಬಿಟ್ಟಿಲ್ಲ.

ಬೆರಳು ಕಳೆದುಕೊಂಡವನಿಗೆ ‘ನಿನ್ನದೇ ಅಜಾಗರೂಕತೆ’ ಎನ್ನುವ ಮಾಲೀಕರು ಇದನ್ನು ಗಮನಿಸಲಿ. ಅಂಥ ಯಂತ್ರ ಕೊಳ್ಳುವ ವ್ಯಾಪಾರಿ ಬಂಧುಗಳು ಗುರುತಿಗೆ ಮರುಳಾಗದೆ ಘೋಷಣಾ ಪತ್ರವನ್ನು ಕೇಳಲಿ. ಕಾರ್ಮಿಕ ಬಂಧುಗಳು ಕವಚವನ್ನು ಕೇಳಲಿ.