ಶೈಲಾಕನಿಗೆ ಉಗುಳಿದವರು ಯಾರು, ಸರ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಬಂಕಾಪುರ, ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪೀರಿಯಡ್ ಹೇಗೆ ನಡೆಯುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸರ ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಮತ್ತೊಂದು ಸಾಲು, ಮತ್ತೊಂದು ಅರ್ಥ. ಆಮೇಲೆ ಬೋರ್ಡಿನ ಮೇಲೆ ಪ್ರಶ್ನೋತ್ತರ. ನಾವು ಬರಕೊಳ್ಳುತ್ತೇವೆ, ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಹತ್ತಿರ ಬಂತೆಂದರೆ 'ಪಾಸಿಂಗ್ ಪ್ಯಾಕೇಜ್' ಎಂಬ ಝೆರಾಕ್ಸ್ ಹಾಳೆ ಬರುತ್ತವೆ. ಇಷ್ಟು ಪದ್ಯ, ಇಷ್ಟು ಪತ್ರ, ಇಷ್ಟು ಉತ್ತರ. ಉರು ಹೊಡಿ, ಪಾಸಾಗು!

ಪಾಸೂ ಆಗುತ್ತೇವೆ. 2007ರಿಂದ ಸರಕಾರಿ ಶಾಲೆಯಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. ಹತ್ತು ವರ್ಷ ಅದನ್ನು ಓದಿದ ಹುಡುಗ ಬ್ಯಾಂಕಿನ ಫಾರ್ಮು ತುಂಬಲಾರ. ಹತ್ತು ವರ್ಷ ಓದಿದ ಹುಡುಗಿ ಧಾರವಾಡದ ಕ್ಲಾಸಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಲಾರಳು. ಆಗ ಹೇಳುವವರು ಹೇಳುತ್ತಾರೆ: "ಈ ಮಂದಿ ತಲಿಗೆ ಇಂಗ್ಲಿಷ್ ಹತ್ತೂದಿಲ್ಲ ಬಿಡ್ರಿ."

ಹತ್ತೂದಿಲ್ಲವೋ, ಹತ್ತಿಸಲಿಲ್ಲವೋ?

1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ನಮ್ಮ ಬಂಕಾಪುರವೂ 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇತ್ತು. ಇದು ನಮ್ಮ ಮನೆಯ ಕತೆ. ಮುಂಬಯಿಯ ಬಿಳಿ ಸರಕಾರ ಏನು ಹೇಳಿತು ಗೊತ್ತೇ? ನ್ಯಾಯವೇನೋ ಹುಡುಗನ ಕಡೆಗಿದೆ, ಆದರೆ ಒಬ್ಬನನ್ನು ಸೇರಿಸಿಕೊಳ್ಳಲು ಹೋಗಿ ಉಳಿದವರೆಲ್ಲ ಶಾಲೆ ಬಿಡುವಂತೆ ಆಗಬಾರದು ಎಂದಿತು. ಬಾಗಿಲು ಮುಚ್ಚಿತು. 1928ರಲ್ಲಿ ಸೈಮನ್ ಕಮಿಷನ್ನಿನ ಮುಂದೆ ಬಾಬಾಸಾಹೇಬರು ಇದನ್ನು ಎತ್ತಿ ಇಟ್ಟರು. ಅವರು ಇಟ್ಟದ್ದು ಇಂಗ್ಲಿಷಿನಲ್ಲಿ! ಸಂಸ್ಕೃತ ಕಲಿಯುತ್ತೇನೆಂದಾಗ ಅಸ್ಪೃಶ್ಯನೆಂದು ಬೇಡವೆನಿಸಿಕೊಂಡು ಪರ್ಶಿಯನ್ ಹಿಡಿದ ಮನುಷ್ಯ ಅವರು. ಯಾವ ಭಾಷೆಯ ಬಾಗಿಲಿಗೆ ಯಾರು ಕಾವಲು ನಿಂತಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು.

ಆಗ ಹೊಸ್ತಿಲಲ್ಲಿ ತಡೆದರು. ಈಗ ಒಳಗೆ ಕರೆದು, ಬೆಂಚಿನ ಮೇಲೆ ಕೂಡಿಸಿ, ಕೈಗೆ ಝೆರಾಕ್ಸ್ ಕೊಟ್ಟು ತಡೆಯುತ್ತಾರೆ.

ಇಂಗ್ಲಿಷ್ ಬೇಕು ಎಂದರೆ ಕನ್ನಡದ ದ್ರೋಹಿ ಎನ್ನುವವರು ಇದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ, ಇಂಗ್ಲಿಷ್ ಓದಿರಿ ಎಂದರು. ಏಟು ಬಿದ್ದದ್ದು ಹಾಸ್ಟೆಲಿನ ನಮ್ಮ ಅಣ್ಣಂದಿರಿಗೆ. ಅಂದು ಕನ್ನಡದ ಹೆಸರಲ್ಲಿ ಹೊಡೆದವರಲ್ಲಿ ಎಷ್ಟು ಜನರ ಮಕ್ಕಳು ಆಮೇಲೆ ಕಾನ್ವೆಂಟಿಗೆ ಹೋದರು? ಲೆಕ್ಕ ಯಾರೂ ಇಟ್ಟಿಲ್ಲ, ಪಾಪ.

ಪಕ್ಕದ ಸವಣೂರನ್ನೇ ನೋಡಿ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಆಕ್ಸ್‌ಫರ್ಡಿನಲ್ಲಿ ಓದಿದರು, ಇಂಗ್ಲಿಷ್ ಪ್ರೊಫೆಸರಾದರು, ಕನ್ನಡದ ಕವಿಯಾದರು. ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು 1981ರಲ್ಲಿ ವರದಿ ಕೊಟ್ಟವರೂ ಅವರೇ. ಅವರ ಇಂಗ್ಲಿಷ್ ಪದ್ಯವನ್ನು ನಾವು ಎಸ್.ಎಸ್.ಎಲ್.ಸಿ.ಯಲ್ಲಿ ಉರು ಹೊಡೆದೆವು. ಅವರಿಗೆ ಎರಡೂ ಭಾಷೆ ದಕ್ಕಿದವು, ಸಂತೋಷ. ನಮ್ಮ ಕೇರಿಗೆ ಯಾಕೆ ಎರಡೂ ದಕ್ಕಬಾರದು?

ಅದೇ ಪುಸ್ತಕದಲ್ಲಿ ಷೇಕ್ಸ್‌ಪಿಯರ್ ಇದ್ದ. 'ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಪೋರ್ಷಿಯಾ ದಯೆಯ ಬಗ್ಗೆ ಆಡುವ ಮಾತು. ನೋಡದೆ ಬರೆಯಿರಿ ಎಂಬ ಪ್ರಶ್ನೆಗೆ ಅದು ಖಾಯಂ ಗಿರಾಕಿ. ಕಣ್ಣು ಮುಚ್ಚಿ ಒದರಿದೆವು. ಆದರೆ ದಯೆ ತೋರು ಎಂದು ಆಕೆ ಯಾರಿಗೆ ಹೇಳುತ್ತಿದ್ದಾಳೆ? ಶೈಲಾಕ್ ಎಂಬ ಯಹೂದಿಗೆ. ಅವನ ಜಾತಿಯನ್ನು ಹಿಡಿದು ಬೈದವನು, ನಾಯಿ ಎಂದವನು, ಅವನ ಮೇಲೆ ಉಗುಳಿದವನು ಅಂಟೋನಿಯೊ. ಉಗುಳಿಸಿಕೊಂಡವನಿಗೇ ದಯೆಯ ಉಪದೇಶ! ಕಡೆಗೆ ಆ ಕೋರ್ಟು ತೋರಿಸಿದ ದಯೆ ಎಂಥದು? ಅವನ ಆಸ್ತಿ ಕಿತ್ತುಕೊಂಡು, ಧರ್ಮ ಬಿಡಿಸಿ ಕ್ರೈಸ್ತನಾಗು ಎಂದಿತು. ಶೈಲಾಕ್ ಸಾಧುವಲ್ಲ, ಎದೆಯ ಮಾಂಸ ಕೇಳಿದವನು. ಆದರೆ ಅವನ ಸಿಟ್ಟು ಎಲ್ಲಿಂದ ಬಂತೆಂದು ನಮ್ಮ ಹುಡುಗರಿಗೆ ಬೇರೆಯವರು ಹೇಳಿಕೊಡಬೇಕೇ? ಇಷ್ಟು ಕತೆ ಹೇಳಿದ್ದರೆ ಸಾಕಿತ್ತು, ಹಿಂದಿನ ಬೆಂಚಿನವನೂ ಎದ್ದು ಕೂಡುತ್ತಿದ್ದ. ಯಾರೂ ಹೇಳಲಿಲ್ಲ. ಆ ಪದ್ಯಕ್ಕೆ ನಾಲ್ಕು ಮಾರ್ಕು ಇತ್ತು, ಅಷ್ಟೇ.

ಜಾಝ್ ನುಡಿಸುವ ಮುದಿ ಕರಿಯನ ಪದ್ಯವೂ ಇತ್ತು. ಕರಿಯರು ಅಮೆರಿಕಕ್ಕೆ ಹೇಗೆ ಬಂದರು? ಅವರ ವಾದ್ಯದಲ್ಲಿ ಅಂಥ ಸಂಕಟ ಯಾಕೆ? ನಮ್ಮ ಹಲಗೆಗೂ ಅದಕ್ಕೂ ಏನು ನಂಟು? ಕೇಳಿದ್ದು ಒಂದೇ: ಇಲ್ಲಿ ಯಾವ ಅಲಂಕಾರವಿದೆ?

ಒಬ್ಬ ಮಾಸ್ತರರ ಮೇಲೆ ನಮಗೆ ಸಿಟ್ಟಿಲ್ಲ. ಹುದ್ದೆ ಖಾಲಿ ಇಟ್ಟು ಅತಿಥಿ ಶಿಕ್ಷಕರಿಂದ ದುಡಿಸಿಕೊಳ್ಳುವವರು, ಜಿಲ್ಲೆಯ ಫಲಿತಾಂಶಕ್ಕೆ ನಂಬರು ಹಚ್ಚಿ ಹೆದರಿಸುವವರು ಮೇಲೆ ಕೂತಿದ್ದಾರೆ.

ಇಂಗ್ಲಿಷನ್ನು ದೇವಿ ಮಾಡಿ ಕೈಮುಗಿಯುವುದೂ ನಮ್ಮ ದಾರಿಯಲ್ಲ. 2010ರಲ್ಲಿ ಉತ್ತರಪ್ರದೇಶದ ಒಂದು ಹಳ್ಳಿಯಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಊರಿನ ಹೆಸರು ಬಂಕಾ! ಅವರ ಹಸಿವು ನಮಗೆ ಅರ್ಥವಾಗುತ್ತದೆ. ಆದರೆ ಗುಡಿ ಎಂದಮೇಲೆ ಪೂಜಾರಿ ಬರುತ್ತಾನೆ. ನಮಗೆ ದೇವಿ ಬ್ಯಾಡ, ಭಾಷೆ ಬೇಕು. ಅರ್ಜಿ ಬರೆಯಲು ಬೇಕು, ಕೋರ್ಟಿನ ಕಾಗದ ಓದಲು ಬೇಕು, ಎದುರು ಮಾತಾಡಲು ಬೇಕು.

ಅದಕ್ಕೇ ಕೇಳುತ್ತೇವೆ: ಪ್ರತಿ ಹೈಸ್ಕೂಲಿಗೂ ಇಂಗ್ಲಿಷ್ ಓದಿದ ಖಾಯಂ ಶಿಕ್ಷಕರು ಬರಲಿ. ತಪ್ಪಾದರೂ ಮಾತಾಡಲು ಬಿಡುವ ಒಂದು ಪೀರಿಯಡ್ ಇರಲಿ. ನಗುವವರನ್ನು ಸುಮ್ಮನಿರಿಸುವ ಕೆಲಸ ಮಾಸ್ತರರದು. ಹಾಸ್ಟೆಲಿನಲ್ಲಿ ಬೀಗ ಇಲ್ಲದ ಒಂದು ಪುಸ್ತಕದ ಕಪಾಟು ಬೇಕು. ಸಿದ್ಧಲಿಂಗಯ್ಯನವರ 'ಊರುಕೇರಿ' ಇಂಗ್ಲಿಷಿನಲ್ಲೂ ಇದೆ. ಕನ್ನಡದ್ದನ್ನೂ ಇಂಗ್ಲಿಷಿನದನ್ನೂ ಎದುರುಬದುರು ಇಟ್ಟು, ರಾತ್ರಿ ಊಟವಾದ ಮೇಲೆ ಒಬ್ಬ ಓದಲಿ, ಉಳಿದವರು ಕೇಳಲಿ. ದಿನಕ್ಕೆ ಒಂದು ಪುಟ ಆದರೂ ಆದೀತು. ಇದಕ್ಕೆ ಯಾವ ಸಾಹೇಬರ ಆರ್ಡರೂ ಬೇಕಿಲ್ಲ.

ಮೊದಲು, ಸೋಮವಾರ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎದ್ದು ನಿಂತು ಕೇಳ್ರಿ: "ಶೈಲಾಕನಿಗೆ ಉಗುಳಿದವರು ಯಾರು, ಸರ? ಯಾಕ ಉಗುಳಿದರು?" ಏನು ಉತ್ತರ ಬಂತೆಂದು ನಮಗೊಂದು ಕಾಗದ ಬರೆಯಿರಿ.