ಸ್ಕಾರ್ಲಾಟ್ಟಿಯನ್ನು ಮುದ್ದು ಮಾಡಬೇಡಿ

ಪಿಯಾನೊ ಕಛೇರಿಗಳಲ್ಲಿ ಒಂದು ವಾಡಿಕೆಯಿದೆ. ಬೀಥೋವನ್, ಶೋಪಾನ್ ಮುಂತಾದ ಭಾರದ ಕೃತಿಗಳಿಗೆ ಹೋಗುವ ಮುನ್ನ ಡೊಮೆನಿಕೊ ಸ್ಕಾರ್ಲಾಟ್ಟಿಯ ಎರಡೋ ಮೂರೋ ಸೊನಾಟಾಗಳನ್ನು ನುಡಿಸಿಬಿಡುವುದು. ಬೆರಳು ಬೆಚ್ಚಗಾಗುತ್ತವೆ, ತಡವಾಗಿ ಬಂದವರು ಕುರ್ಚಿ ಹುಡುಕಿಕೊಳ್ಳುತ್ತಾರೆ. ನುಡಿಸುವ ರೀತಿಯೂ ಅದಕ್ಕೆ ತಕ್ಕಂತೆ, ಮುತ್ತು ಪೋಣಿಸಿದ ಹಾಗೆ, ನುಣ್ಣಗೆ, ಎಲ್ಲೂ ಮುಳ್ಳು ತಾಗದಂತೆ. ಕೇಳಿದವರು ‘ಎಷ್ಟು ಮುದ್ದಾಗಿದೆ’ ಅನ್ನುತ್ತಾರೆ. ನನ್ನ ತಕರಾರು ಇರುವುದು ಈ ಮುದ್ದಿನ ಬಗ್ಗೆ. ಪಿಯಾನೊದ ಮೇಲೆ ನನಗೆ ಯಾವ ಹಗೆಯೂ ಇಲ್ಲ.

ಸ್ಕಾರ್ಲಾಟ್ಟಿ ಹುಟ್ಟಿದ್ದು 1685ರಲ್ಲಿ, ನೇಪಲ್ಸಿನಲ್ಲಿ. ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ ವರ್ಷವೂ ಅದೇ. ಪೋರ್ಚುಗಲ್ಲಿನ ರಾಜಕುಮಾರಿ ಮರಿಯಾ ಬಾರ್ಬರಾಗೆ ಸಂಗೀತದ ಗುರುವಾಗಿದ್ದವನು, ಆಕೆ ಮದುವೆಯಾಗಿ ಸ್ಪೇನಿಗೆ ಹೊರಟಾಗ 1729ರಲ್ಲಿ ತಾನೂ ಹೋದ. 1757ರಲ್ಲಿ ಮ್ಯಾಡ್ರಿಡ್‌ನಲ್ಲಿ ಸತ್ತ. ಕೀಲಿಮಣೆಗೆ ಬರೆದ 555 ಸೊನಾಟಾಗಳು ಅವನ ಹೆಸರಿನಲ್ಲಿವೆ. ಹೆಚ್ಚಿನವು ಕೆಲವೇ ನಿಮಿಷಗಳವು.

ಅವು ಬಹುಪಾಲು ಹಾರ್ಪ್ಸಿಕಾರ್ಡಿನ ರಚನೆಗಳು. ಆ ವಾದ್ಯದಲ್ಲಿ ಸುತ್ತಿಗೆ ಇಲ್ಲ. ಕೀಲಿ ಒತ್ತಿದರೆ ಹಕ್ಕಿಗರಿಯ ಚೂರೊಂದು ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಹಾಗಾದರೆ ಅಬ್ಬರ ಬೇಕೆಂದಾಗ ಸ್ಕಾರ್ಲಾಟ್ಟಿ ಏನು ಮಾಡುತ್ತಾನೆ? ಸ್ವರಗಳನ್ನು ತುರುಕುತ್ತಾನೆ. ಕರ್ಕ್‌ಪ್ಯಾಟ್ರಿಕ್ ಪಟ್ಟಿಯ 119ನೆಯ ಸೊನಾಟಾದಲ್ಲಿ ಅಕ್ಕಪಕ್ಕದ ಸ್ವರಗಳು ಒಂದರ ಮೈಮೇಲೊಂದು ಬಿದ್ದು ಒಮ್ಮೆಗೇ ಮೊಳಗುತ್ತವೆ. ಗಿಟಾರಿನ ತಂತಿಗಳನ್ನೆಲ್ಲ ಒಂದೇ ಏಟಿಗೆ ಕೆರೆದ ಹಾಗೆ. ಅಪಸ್ವರವೆಂದು ಕಿವಿ ಹಿಂಜರಿಯುವಷ್ಟರಲ್ಲಿ ಅವನು ಅದನ್ನೇ ಇನ್ನೊಮ್ಮೆ ಹೊಡೆದಿರುತ್ತಾನೆ. ಅರಮನೆಯೊಳಗೆ ಬೀದಿಯನ್ನು ಕರೆತಂದವನು ಈತ.

ಇದೇ ಗುಂಪುಸ್ವರಗಳು ಇಂದಿನ ಪಿಯಾನೊದಲ್ಲಿ, ದಪ್ಪ ತಂತಿಗಳ ಮೇಲೆ ಉಣ್ಣೆಯ ಸುತ್ತಿಗೆ ಬಿದ್ದಾಗ, ಕೆಳಸ್ಥಾಯಿಯಲ್ಲಿ ಕೆಸರಾಗುತ್ತವೆ. ನಿಜವಾದ ತೊಡಕು ಇದು, ಅಲ್ಲಗಳೆಯುವುದಿಲ್ಲ. ಆದರೆ ಪಿಯಾನೊ ನುಡಿಸುವವರು ಕಂಡುಕೊಂಡ ಪರಿಹಾರ ನೋಡಿ. ಒಳಗಿನ ಸ್ವರಗಳನ್ನು ಕೇಳಿಯೂ ಕೇಳಿಸದಂತೆ ಸವರಿ, ಮೇಲಿನ ಒಂದು ಸ್ವರವನ್ನು ಹಾಡಿಸಿ, ಉಳಿದದ್ದಕ್ಕೆ ಪೆಡಲ್ಲಿನ ಮಂಜು ಕವಿಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಲೆಸ್ಸಾಂಡ್ರೊ ಲೋಂಗೊ ಈ ಸೊನಾಟಾಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ, ಇಂಥ ಕಡೆಗಳಲ್ಲಿ ಸ್ಕಾರ್ಲಾಟ್ಟಿಯನ್ನು ‘ತಿದ್ದಿದ’. ಪುಣ್ಯಾತ್ಮ, ಎಷ್ಟೋ ಕಡೆ ಮೂಲವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಿದ. ಇಂದು ಶುದ್ಧ ಪಾಠಗಳು ಕೈಯಲ್ಲಿವೆ, ಲೋಂಗೊನನ್ನು ಕಂಡು ನಗುತ್ತೇವೆ, ಅವನು ಶಾಯಿಯಲ್ಲಿ ಮಾಡಿದ್ದನ್ನು ಬೆರಳಲ್ಲಿ ಮಾಡುತ್ತೇವೆ. ಬೆರಳಿಗೆ ಅಡಿಟಿಪ್ಪಣಿಯೂ ಇಲ್ಲ.

ಇನ್ನೊಂದು ಚಟ ಪ್ರತಿಧ್ವನಿಯದು. ಸ್ಕಾರ್ಲಾಟ್ಟಿ ಒಂದು ತುಣುಕನ್ನು ಎರಡು ಸಲ, ಮೂರು ಸಲ ಹೇಳುತ್ತಾನೆ. ಎರಡನೆಯ ಸಲ ಬಂದ ಕೂಡಲೇ ಪಿಯಾನೊ ಪಿಸುಗುಟ್ಟಬೇಕೆಂದು ಯಾರು ಕಟ್ಟಳೆ ಮಾಡಿದರೋ! ಜೋರು-ಮೆದು ಎಂಬ ಸೂಚನೆಗಳು ಅವನ ಹಸ್ತಪ್ರತಿಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವವಳು ಅದೇ ಬೆಲೆಯನ್ನು ಎರಡನೆಯ ಸಲ ಹೇಳುವಾಗ ದನಿ ತಗ್ಗಿಸುತ್ತಾಳೆಯೆ? ಹಟ ಹಿಡಿಯುತ್ತಾಳೆ. ಸ್ಕಾರ್ಲಾಟ್ಟಿಯ ಪುನರುಕ್ತಿಯಲ್ಲಿ ನನಗೆ ಕೇಳುವುದು ಈ ಹಟವೇ.

ಪಿಯಾನೊ ಪಕ್ಷದವರು ಒಂದು ದಾಖಲೆ ಮುಂದಿಡುತ್ತಾರೆ. ಮರಿಯಾ ಬಾರ್ಬರಾ 1758ರಲ್ಲಿ ತೀರಿಕೊಂಡ ಮೇಲೆ ಆಕೆಯ ವಾದ್ಯಗಳ ಪಟ್ಟಿ ಮಾಡಿದರಲ್ಲ, ಅದರಲ್ಲಿ ಫ್ಲಾರೆನ್ಸಿನ ಪಿಯಾನೊಗಳು ಐದು. ಸರಿ. ಆದರೆ ಅದೇ ಪಟ್ಟಿಯ ಪ್ರಕಾರ ಐದರಲ್ಲಿ ಎರಡನ್ನು ಆಗಲೇ ಹಾರ್ಪ್ಸಿಕಾರ್ಡುಗಳಾಗಿ ಮಾರ್ಪಡಿಸಲಾಗಿತ್ತು. ಈ ಭಾಗವನ್ನು ಅವರು ಉಲ್ಲೇಖಿಸುವುದು ಅಪರೂಪ. ಅದಲ್ಲದೆ ಆ ಪಿಯಾನೊಗಳು ತೆಳುತಂತಿಯ, ಮರದ ಚೌಕಟ್ಟಿನ ಪುಟ್ಟ ವಾದ್ಯಗಳು. ಕಬ್ಬಿಣದ ಚೌಕಟ್ಟಿನ ಇಂದಿನ ಸ್ಟೈನ್‌ವೇಗೆ ಅವುಗಳ ಹೆಸರಲ್ಲಿ ಪರವಾನಗಿ ಕೊಡುವುದು ಅತಿಯಾಯಿತು.

‘ಹಾಗಾದರೆ ಹಾರ್ಪ್ಸಿಕಾರ್ಡಿನಲ್ಲೇ ಕೇಳಿ, ಪಿಯಾನೊದವರು ಕೈತೊಳೆದುಕೊಳ್ಳಲಿ’ ಎನ್ನುವ ಮಡಿವಂತರೂ ಇದ್ದಾರೆ. ಸ್ಕಾಟ್ ರಾಸ್ 1980ರ ದಶಕದಲ್ಲಿ ಅಷ್ಟೂ ಸೊನಾಟಾಗಳನ್ನು ಹಾರ್ಪ್ಸಿಕಾರ್ಡಿನಲ್ಲಿ ಧ್ವನಿಮುದ್ರಿಸಿಟ್ಟಿದ್ದಾನೆ, ಕೇಳಲೇಬೇಕು. ಆದರೆ ಬೆಂಗಳೂರಿನ ವಿದ್ಯಾರ್ಥಿಗೆ ಸಿಗುವುದು ಪಿಯಾನೊ, ಇಲ್ಲವೇ ಒಂದು ಕೀಬೋರ್ಡು. ಅವಳು ಸ್ಕಾರ್ಲಾಟ್ಟಿಯನ್ನು ಮುಟ್ಟಲೇಬಾರದೆ? ನಾವು ಟಾಲ್‌ಸ್ಟಾಯ್‌ನನ್ನು ರಷ್ಯನ್ ಕಲಿತು ಓದಿದವರಲ್ಲ. ಅನುವಾದ ನಮಗೆ ಹೊಸದಲ್ಲ, ಬೈಗುಳವನ್ನು ‘ಅಯ್ಯೋ ಮಹಾನುಭಾವ’ ಎಂದು ಇಳಿಸುವ ಅನುವಾದಕನನ್ನು ಗುರುತಿಸುವುದೂ ನಮಗೆ ಗೊತ್ತು. ಹೊರೊವಿಟ್ಜ್ 1964ರಲ್ಲಿ ಧ್ವನಿಮುದ್ರಿಸಿದ ಸ್ಕಾರ್ಲಾಟ್ಟಿ ಅಪ್ಪಟ ಪಿಯಾನೊ ಸಂಗೀತ, ಹಾರ್ಪ್ಸಿಕಾರ್ಡಿನ ವೇಷ ಹಾಕುವುದಿಲ್ಲ. ಆದರೂ ಅದಕ್ಕೆ ಹಲ್ಲಿದೆ.

ಕೀಬೋರ್ಡಿರುವವರು ಒಂದು ಪ್ರಯೋಗ ಮಾಡಬಹುದು. ಹಾರ್ಪ್ಸಿಕಾರ್ಡ್ ಎಂಬ ಗುಂಡಿ ಬಹಳಷ್ಟರಲ್ಲಿ ಇರುತ್ತದೆ. ಅದನ್ನೊತ್ತಿ 141ನೆಯ ಸೊನಾಟಾದ ಎಡಗೈಯ ಗುಂಪುಸ್ವರಗಳನ್ನಷ್ಟೇ ನುಡಿಸಿ, ಯಾವುದನ್ನೂ ಬಚ್ಚಿಡಲಾಗದ ಆ ಗದ್ದಲವನ್ನು ಕಿವಿಗೆ ತುಂಬಿಕೊಳ್ಳಿ. ಆಮೇಲೆ ಪಿಯಾನೊಗೆ ಬನ್ನಿ, ಕಾಲನ್ನು ಪೆಡಲ್ಲಿನಿಂದ ತೆಗೆದು ನೆಲದ ಮೇಲಿಡಿ, ಎಲ್ಲ ಬೆರಳಿಗೂ ಒಂದೇ ಭಾರ ಕೊಡಿ. ಮುಂದಿನ ಸಾಲಿನಲ್ಲಿ ಯಾರಾದರೂ ಮುಖ ಹಿಂಡಿದರೆ ಹಿಂಡಲಿ. ಹಾಗೆ ನುಡಿಸಿದ ಸೊನಾಟಾವನ್ನು ಕಛೇರಿಯ ಮೊದಲಲ್ಲಿ ಬೇಡ, ಬೀಥೋವನ್ ಆದ ಮೇಲೆ ಇಡಿ.